ಪೆರಂಬೂರಿನಲ್ಲೊಂದು ಇಟಲಿಯ ಊಟ

ಮದರಾಸಿನ ನಮ್ಮವರಲ್ಲಿ ತ್ಯಾಗರಾಯನಗರ, ಮೈಲಾಪುರದ ಕಡೆ ನೆಲೆಸಿರುವವರಿಗೆ ಪೆರಂಬೂರೆಂದರೆ ಈಗಲೂ ಸ್ವಲ್ಪ ತಾತ್ಸಾರವೇ. “ಅಲ್ಲೇನಿದೆ, ರೈಲು ತಾನೆ?” ಎಂದು ಕೇಳುತ್ತಾರೆ. ನಿಜ, ರೈಲೇ ಇದೆ. 1955ರ ಅಕ್ಟೋಬರ್ 2ರಂದು ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ ಇಲ್ಲಿದೆ. ಸ್ವಿಟ್ಜರ್ಲೆಂಡಿನವರ ನೆರವಿನಿಂದ ಆರಂಭವಾದ ಆ ಕಾರ್ಖಾನೆಯಲ್ಲೇ 2018ರಲ್ಲಿ ಮೊದಲನೆಯ ವಂದೇ ಭಾರತ್ ರೈಲೂ ಸಿದ್ಧವಾಯಿತು. ನಮ್ಮ ತಂದೆಯವರು 1966ರಲ್ಲಿ ಉಡುಪಿಯ ಕಡೆಯಿಂದ ಒಂದು ತಗಡಿನ ಪೆಟ್ಟಿಗೆ ಹಿಡಿದು ಬಂದು ಸೇರಿದ್ದು ಅಲ್ಲಿಯೇ. ಊರಿಗೆ ಹೋಗುವಾಗ ಯಾವ ಡಬ್ಬಿಯಲ್ಲಿ ಕುಳಿತರೂ ಅವರು ಮೊದಲು ಕಿಟಕಿಯ ಚೌಕಟ್ಟನ್ನು ತಟ್ಟಿ ನೋಡುವರು. ಆಮೇಲೆ ಹಾಸಿಗೆ ಬಿಚ್ಚುವರು.

ಇಂಥ ಪೆರಂಬೂರಿನಲ್ಲಿ ಇಟಲಿಯ ರೊಟ್ಟಿ ತಿನ್ನುವ ಯೋಗ ನಮಗೆ ಕಳೆದ ತಿಂಗಳು ಒದಗಿತು. ಮಗಳ ಹುಟ್ಟುಹಬ್ಬ. ಪೇಪರ್ ಮಿಲ್ಸ್ ರಸ್ತೆಯಲ್ಲಿ ಹೊಸದಾಗಿ ತೆರೆದ ಪಿಜ್ಜಾ ಅಂಗಡಿಗೇ ಹೋಗಬೇಕೆಂದು ಅವಳ ಹಟ. ನಾವೇನೋ ಒಪ್ಪಿದೆವು. ಒಪ್ಪದಿದ್ದವರು ಅಮ್ಮ.

ಅದಕ್ಕೆ ಕಾರಣವಿತ್ತು. ಆ ಕಟ್ಟಡದ ನೆಲ ಅಂತಸ್ತಿನಲ್ಲಿ ಮೊದಲು ಇದ್ದದ್ದು ನಮ್ಮ ಕಡೆಯವರದೇ ಒಂದು ಉಡುಪಿ ಹೋಟೆಲು. ತಂದೆಯವರು ಮದುವೆಗೆ ಮುಂಚೆ ಐದು ವರ್ಷ ಅಲ್ಲಿ ತಿಂಗಳ ಲೆಕ್ಕದಲ್ಲಿ ಉಂಡವರು. ಅಮ್ಮ 1971ರಲ್ಲಿ ಮದುವೆಯಾಗಿ ರೈಲಿಳಿದು ಬಂದ ಬೆಳಿಗ್ಗೆ, ಮನೆ ಸೇರುವುದಕ್ಕೂ ಮೊದಲು ಕಾಫಿ ಕುಡಿದದ್ದು ಅಲ್ಲಿ. ಸುತ್ತ ಒಂದು ಮಾತೂ ತಿಳಿಯದ ಊರಿನಲ್ಲಿ, “ಬನ್ನಿ ಅಮ್ಮಾ, ಕೂತ್ಕೊಳ್ಳಿ” ಎಂದು ಗಲ್ಲದ ಮೇಲಿದ್ದವರು ಕನ್ನಡದಲ್ಲಿ ಕರೆದದ್ದನ್ನು ಅವರು ಇಂದಿಗೂ ಹೇಳುತ್ತಾರೆ. ಆ ಹೋಟೆಲು ಮುಚ್ಚಿತು. ಮೊಬೈಲ್ ಅಂಗಡಿ ಬಂತು, ಹೋಯಿತು. ಮಕ್ಕಳಿಗೆ ಪಾಠ ಹೇಳುವವರು ಬಂದರು, ಹೋದರು. ಈಗ ಪಿಜ್ಜಾ. “ಆ ಜಾಗದಲ್ಲಿ ಮೈದಾ ರೊಟ್ಟಿ ತಿನ್ನಲಿಕ್ಕೆ ನಾನು ಬರುವುದಿಲ್ಲ” ಎಂದುಬಿಟ್ಟರು.

ನಾವು ವಾದಕ್ಕೆ ನಿಂತೆವು. ಪರವೂರಿಗೆ ಹೊಸ ರುಚಿ ಕಲಿಸಿದವರಲ್ಲಿ ನಾವೇ ಮೊದಲಿಗರಲ್ಲವೆ? ಕಡಂದಲೆಯ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದು, ಮದರಾಸಿನವರನ್ನು ಮಸಾಲೆ ದೋಸೆಗೆ ಕಟ್ಟಿಹಾಕಲಿಲ್ಲವೆ? 1962ರಲ್ಲಿ ಅವರ ಮನೆತನದ ಡ್ರೈವ್-ಇನ್ ಬಂದಾಗ ಕಾರಿನಲ್ಲೇ ಕುಳಿತು ತಿನ್ನುವುದು ಜನಕ್ಕೆ ಎಂಥ ಹೊಸ ಸಂಗತಿ! ಆ ಡ್ರೈವ್-ಇನ್ ಕೂಡ 2008ರಲ್ಲಿ ಮುಚ್ಚಿ ಅಲ್ಲಿ ಉದ್ಯಾನವಾಯಿತು. ಪಿಜ್ಜಾ ಹಟ್ ಎಂಬ ಅಮೆರಿಕದ ಕಂಪನಿ ಭಾರತದಲ್ಲಿ ಮೊದಲು ಅಂಗಡಿ ಇಟ್ಟದ್ದು ನಮ್ಮ ಬೆಂಗಳೂರಿನಲ್ಲೇ, 1996ರಲ್ಲಿ. ಈ ಮಾತಿಗೆ ಅಮ್ಮ, “ಬೆಂಗಳೂರು ನಮ್ಮ ಊರು ಯಾವಾಗ ಆಯಿತು?” ಎಂದರು. ಕರಾವಳಿಯವರಿಗೆ ಉತ್ತರ ಹೇಳುವುದು ಕಷ್ಟ. ಕೊನೆಗೆ ಮೊಮ್ಮಗಳು, “ಅಜ್ಜೀ, ನೀನು ಬರದಿದ್ದರೆ ಕೇಕ್ ಕತ್ತರಿಸುವುದಿಲ್ಲ” ಎಂದ ಮೇಲೆ ಸೀರೆ ಬದಲಾಯಿಸಿದರು.

ಮನೆಯಿಂದ ಅಂಗಡಿಗೆ ಹತ್ತು ನಿಮಿಷದ ದಾರಿ. ಅಮ್ಮನ ಸಂಗಡ ಅರ್ಧ ಗಂಟೆ. ನೆಲದಡಿಯ ಮೆಟ್ರೋ ಕೆಲಸಕ್ಕೆಂದು ಅಲ್ಲಲ್ಲಿ ತಗಡಿನ ಬೇಲಿ ಹಾಕಿದ್ದಾರೆ. ರಸ್ತೆ ದಿನಕ್ಕೊಂದು ಕಡೆ ತಿರುಗುತ್ತದೆ. ಅಮ್ಮ ನಡೆಯುತ್ತಾ ಇಲ್ಲದಿರುವುದರ ಲೆಕ್ಕ ಒಪ್ಪಿಸುತ್ತಿದ್ದರು. ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿ, ಜನರ ಬಾಯಲ್ಲಿ ಬಿನ್ನಿ ಮಿಲ್, 1996ರಲ್ಲಿ ಮುಚ್ಚಿತು. ಅದರ ನೆಲದಲ್ಲಿ ಈಗ ಬಹುಮಹಡಿಯ ಮನೆಗಳು. (ಮದರಾಸು ಚೆನ್ನೈ ಆದದ್ದೂ ಅದೇ ವರ್ಷ. ಪಿಜ್ಜಾ ಬಂದದ್ದೂ ಅದೇ ವರ್ಷವೆಂದು ಮೇಲೆ ಹೇಳಿದೆವಷ್ಟೆ.) 1985ರಲ್ಲಿ ರಜನೀಕಾಂತರೇ ಬಂದು ತೆರೆದ ಬೃಂದಾ ಚಿತ್ರಮಂದಿರ 2025ರಲ್ಲಿ ಬಾಗಿಲು ಹಾಕಿತು. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವರ ಹೆಸರಿನಿಂದಲೇ ಇಲ್ಲಿಯವರು ಅದನ್ನು ರಜನಿ ಥಿಯೇಟರ್ ಎಂದು ಕರೆಯುತ್ತಿದ್ದುದು ನಮಗೊಂದು ಒಳಗೊಳಗಿನ ಹೆಮ್ಮೆಯಾಗಿತ್ತು.

ಅಮ್ಮ ಈ ಲೆಕ್ಕ ಹೇಳುವಾಗ ನಾವು ಮಾತಾಡಲಿಲ್ಲ. ನಮ್ಮ ಮನೆಯನ್ನೂ ಕೆಡವಿ ನಾಲ್ಕು ಅಂತಸ್ತು ಎಬ್ಬಿಸುತ್ತೇನೆಂದು ಒಬ್ಬ ಬಿಲ್ಡರು ಕಳುಹಿಸಿದ ಕಾಗದ ಎರಡು ವಾರದಿಂದ ನಮ್ಮ ಬೀರುವಿನಲ್ಲಿತ್ತು. ನಮ್ಮ ಕೆಲಸ, ಮಕ್ಕಳ ಕಾಲೇಜು ಎಲ್ಲವೂ ಊರಿನ ದಕ್ಷಿಣಕ್ಕೆ. ಅಮ್ಮನಿಗೆ ಹೇಳಿರಲಿಲ್ಲ.

ಅಂಗಡಿ ಚಿಕ್ಕದು, ಆರು ಮೇಜು. ಯಜಮಾನ ಮೂವತ್ತರ ಒಳಗಿನ ತಮಿಳು ಹುಡುಗ. ಹಡಗಿನ ಅಡುಗೆಮನೆಯಲ್ಲಿ ದುಡಿದು ಈ ವಿದ್ಯೆ ಕಲಿತನಂತೆ. ಅವನ ತಂದೆ ಬಿನ್ನಿ ಮಿಲ್ಲಿನಲ್ಲಿ ನೇಯುತ್ತಿದ್ದರಂತೆ. ಅಮ್ಮ ಒಳಗೆ ಕಾಲಿಟ್ಟವರೇ ಸುತ್ತ ನೋಡಿ, ಕಿಟಕಿಯ ಬಳಿಯ ಮೇಜಿಗೆ ತಾವಾಗಿ ಹೋಗಿ ಕುಳಿತರು. ಅದೇ ಮೂಲೆ ಏಕೆಂದು ನಾವು ಕೇಳಲಿಲ್ಲ.

ಆಮೇಲೆ ವಿಚಾರಣೆ ಶುರುವಾಯಿತು. ಮೊಟ್ಟೆ ಹಾಕುತ್ತೀಯಾ? ಇಲ್ಲ. ಕೋಳಿ ಕತ್ತರಿಸಿದ ಚಾಕುವೇ? ಅಲ್ಲ ಪಾಟ್ಟಿ, ಸಸ್ಯಾಹಾರಕ್ಕೆ ಬೇರೆ ಚಾಕು, ಬೇರೆ ಹಲಗೆ. ಹಿಟ್ಟು ಯಾವಾಗ ಕಲಸಿದ್ದು? ನಿನ್ನೆ ರಾತ್ರಿ. ಇದೊಂದು ಉತ್ತರ ಅಮ್ಮನಿಗೆ ಹಿಡಿಸಿತು. ರಾತ್ರಿ ಹುಳಿಯಲು ಬಿಡದ ಹಿಟ್ಟಿನ ಮೇಲೆ ಅವರಿಗೆ ಎಂದೂ ನಂಬಿಕೆಯಿಲ್ಲ. ನೇಪಲ್ಸಿನವರು ಸೌದೆಯ ಒಲೆಯಲ್ಲಿ ಒಂದೂವರೆ ನಿಮಿಷದೊಳಗೆ ಸುಟ್ಟು ತೆಗೆಯುತ್ತಾರೆ, ತನ್ನದು ಗ್ಯಾಸ್ ಒಲೆಯಾದ್ದರಿಂದ ತುಸು ತಡ ಎಂದ. ಆ ನೇಪಲ್ಸಿನ ಕೈಚಳಕವನ್ನು ಯುನೆಸ್ಕೋ ಸಂಸ್ಥೆ 2017ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆಯೆಂದು ನಾವು ವಿವರಿಸಿದೆವು. ಅಮ್ಮ, “ನೀರುದೋಸೆಯನ್ನು ಸೇರಿಸಿದ್ದಾರೋ?” ಎಂದು ಕೇಳಿದರು.

ತಟ್ಟೆ ಬಂತು. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪುಚುಕ್ಕೆ, ನಡುವೆ ಟೊಮೇಟೊ, ಅದರ ಮೇಲೆ ಬಿಳಿಯ ಮೊಝರೆಲ್ಲಾ. ಅಸಲು ಬಗೆಯನ್ನು ಇಟಲಿಯಲ್ಲಿ ಎಮ್ಮೆಯ ಹಾಲಿನಿಂದ ಮಾಡುತ್ತಾರೆಂದಾಗ ಅಮ್ಮನ ಮುಖ ಸಡಿಲವಾಯಿತು. ಎಮ್ಮೆ ಸಾಕಿದ ಮನೆಯಲ್ಲಿ ಬೆಳೆದವರು. “ಗಿಣ್ಣಿನ ಹಾಗೆ ಇದೆ, ಸಿಹಿಯಿಲ್ಲ” ಎಂದರು. ಮಗ ಎಳೆದ ನೂಲು ತಟ್ಟೆಯಿಂದ ಮೂಗಿನವರೆಗೆ ಬಂತು.

ಮೇಲೆ ನಾಲ್ಕು ಹಸಿರೆಲೆ ಉದುರಿಸಿದ್ದ. ಅಮ್ಮ ಒಂದನ್ನು ಎತ್ತಿ, ಬೆರಳಲ್ಲಿ ಉಜ್ಜಿ, ಮೂಸಿದರು. ಮತ್ತೊಮ್ಮೆ ಮೂಸಿದರು.

“ಇದು ಕಾಮಕಸ್ತೂರಿ!”

“ಬೇಸಿಲ್, ಅಜ್ಜಿ” ಎಂದಳು ಮಗಳು.

“ಕಾಮಕಸ್ತೂರಿ. ನಮ್ಮ ಅಂಗಳದಲ್ಲಿ ತುಳಸಿಕಟ್ಟೆಯ ಪಕ್ಕದಲ್ಲಿತ್ತು. ಇದರ ಬೀಜ ನೆನೆಸಿ ಬೇಸಗೆಯಲ್ಲಿ ಪಾನಕಕ್ಕೆ ಹಾಕುತ್ತಿದ್ದರು.”

ಹುಡುಗ ಓಡಿ ಬಂದ. ಹೌದು ಪಾಟ್ಟಿ, ನಮ್ಮಲ್ಲಿ ತಿರುನೀಟ್ರುಪ್ಪಚ್ಚಿಲೈ ಎನ್ನುತ್ತಾರೆ, ನಮ್ಮಮ್ಮ ಮಾಳಿಗೆಯ ಮೇಲೆ ಬೆಳೆಸಿದ್ದು ಎಂದ. ಅಲ್ಲಿಂದ ಮುಂದೆ ನಾವು ಇದ್ದೇವೆಂಬುದನ್ನು ಇಬ್ಬರೂ ಮರೆತರು. ಐವತ್ತು ವರ್ಷದ ಸಂಸಾರದಲ್ಲಿ ಕಲಿತ ಅಮ್ಮನ ತಮಿಳಿನಲ್ಲಿ ಗೊಬ್ಬರ, ಬಿಸಿಲು, ಹುಳು ಎಲ್ಲವೂ ಬಂದುಹೋದವು. ನಡುವೆ ಅವನನ್ನು ‘ಮಾಣಿ’ ಎಂದು ಕರೆದರು. ಅದು ಯಾವ ಭಾಷೆಯೆಂದು ಅವನು ಕೇಳಲಿಲ್ಲ, ಓಗೊಟ್ಟ. ಎರಡು ತುಂಡು ತಿಂದರು. ಮೂರನೆಯದನ್ನು ಕಟ್ಟಿಸಿಕೊಂಡರು.

ಹೊರಡುವಾಗ ಹುಡುಗ ಒದ್ದೆ ಕಾಗದದಲ್ಲಿ ಸುತ್ತಿದ ಎರಡು ಕಡ್ಡಿ ತಂದುಕೊಟ್ಟ. ಮನೆಗೆ ಬಂದು ಅಮ್ಮ ಅವನ್ನು ಒಂದು ಲೋಟ ನೀರಿನಲ್ಲಿಟ್ಟರು. ಎಂಟು ದಿನದಲ್ಲಿ ಬಿಳಿಯ ಬೇರು ಬಂತು. ಕುಂಡ ತರಲೇ ಎಂದು ಕೇಳಿದೆವು; ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂದೂ ಬಾಯಿತಪ್ಪಿ ಸೇರಿಸಿದೆವು. ಅಮ್ಮ ನಮ್ಮ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

“ಆ ಬಿಲ್ಡರ್ ನನಗೂ ಫೋನ್ ಮಾಡಿದ್ದ” ಎಂದರು.

ಕಡ್ಡಿಗಳನ್ನು ಹಿತ್ತಲ ಬಾವಿಯ ಪಕ್ಕದ ನೆಲದಲ್ಲಿ ನೆಟ್ಟಿದ್ದಾರೆ. ಕಾಗದ ಇನ್ನೂ ಬೀರುವಿನಲ್ಲಿದೆ; ಮುಂದಿನ ತಿಂಗಳು 15ರೊಳಗೆ ಉತ್ತರ ಹೇಳಬೇಕು. ಗಿಡ ಚಿಗುರಿದೆ. ಎಲೆ ಕೀಳಲು ಮಕ್ಕಳಿಗೆ ಇನ್ನೂ ಅಪ್ಪಣೆಯಿಲ್ಲ.