ನೆರೆಯವರ ಉಸಾಬರಿ

ಅಕ್ಟೋಬರ್ 28, 2018, ಭಾನುವಾರ

ನಿನ್ನೆ ಅಮೆರಿಕದ ಪಿಟ್ಸ್‌ಬರ್ಗ್‌ನ ‘ಟ್ರೀ ಆಫ್ ಲೈಫ್’ ಸಿನಗಾಗ್‌ನಲ್ಲಿ ಪ್ರಾರ್ಥನೆಗೆ ಸೇರಿದ್ದ 11 ಯಹೂದಿಗಳನ್ನು ಒಬ್ಬ ಗುಂಡಿಟ್ಟು ಕೊಂದ. ಸತ್ತವರಲ್ಲಿ 97 ವರ್ಷದ ಅಜ್ಜಿಯೂ ಇದ್ದರು. ಯಹೂದಿಗಳ ‘ಹಯಾಸ್’ ಸಂಸ್ಥೆ ನಿರಾಶ್ರಿತರಿಗೆ ನೆರವಾಗುತ್ತದೆ ಎಂಬುದೇ ಅವನ ಸಿಟ್ಟು. ಹೊರಗಿನವರಿಗೆ ಬಾಗಿಲು ತೆರೆಯುವವರೆಂದು ಅವರನ್ನು ಕೊಂದಮೇಲೆ, ಹೊರಗಿನಿಂದ ಬಂದ ನಾನು ಇದು ಅವರ ಪಾಡು ಎನ್ನುವುದು ಹೇಗೆ?

ನಮ್ಮ ಬೀದಿಯಲ್ಲಿ ಯಹೂದಿ ಮನೆ ಒಂದೇ. ಸಂಜೆ ಆ ಮನೆಯ ಅಜ್ಜಿಯನ್ನು ನೋಡಲು ಹೋದೆ. ಕಿಟಕಿಯಿಂದ ಇಣುಕಿ, ನಾನೇ ಎಂದು ಖಚಿತವಾದ ಮೇಲೆ ಬಾಗಿಲು ತೆಗೆದರು.

ನವೆಂಬರ್ 10, ಶನಿವಾರ

ಬೀದಿಯವರೆಲ್ಲ ಸೇರಿದ ಊಟದಲ್ಲಿ ಪಕ್ಕದ ಮನೆಯಾತ ಹೇಳಿದ: “ಬ್ಯಾಂಕು, ಪತ್ರಿಕೆ ಎಲ್ಲವೂ ಯಹೂದಿಗಳ ಮುಷ್ಟಿಯಲ್ಲಿ. ಜನಕ್ಕೆ ಸಿಟ್ಟು ಬರದೆ ಇರುತ್ತದೆಯೇ?” ಯಾರೂ ತುಟಿ ಬಿಚ್ಚಲಿಲ್ಲ. ನಾನೆಂದೆ: “ಜರ್ಮನಿಯಲ್ಲೂ ಇದೇ ಮಾತು ನಡೆದಿತ್ತು. 1938ರಲ್ಲಿ ಇದೇ ನವೆಂಬರ್ 9, 10ರಂದು ಅಲ್ಲಿ ಸಿನಗಾಗ್‌ಗಳಿಗೆ ಬೆಂಕಿಯಿಟ್ಟರು. ನಮ್ಮ ಬೀದಿಯ ಅಜ್ಜಿಯ ಮುಷ್ಟಿಯಲ್ಲಿ ಯಾವ ಬ್ಯಾಂಕಿದೆ, ತೋರಿಸಿ.” ಆತ ಎದ್ದು ಹೋದ.

ಮನೆಗೆ ಬಂದಮೇಲೆ ಇವರು, “ಊರ ಉಸಾಬರಿ ನಮಗ್ಯಾಕೆ?” ಎಂದರು. ಹೋದ ವರ್ಷ ಕಾನ್ಸಾಸ್‌ನ ಒಲೇಥದಲ್ಲಿ “ನನ್ನ ದೇಶ ಬಿಟ್ಟು ತೊಲಗಿ” ಎಂದು ಕೂಗಿ ಒಬ್ಬ, ನಮ್ಮ ಹಾಗೆ ಹೊರಗಿನಿಂದ ಬಂದ ಹೈದರಾಬಾದಿನ ಎಂಜಿನಿಯರ್‌ನನ್ನು ಕೊಂದದ್ದನ್ನು ನೆನಪಿಸಿದೆ. ಅಂದು ಕೊಲೆಗಾರನನ್ನು ತಡೆಯಲು ಹೋಗಿ ಗುಂಡೇಟು ತಿಂದವನು ಒಬ್ಬ ಬಿಳಿಯ ಯುವಕ. ಉಸಾಬರಿ ಯಾಕೆಂದು ಅವನು ಕೂರಲಿಲ್ಲವಲ್ಲ! ಇವರು ತಲೆಯಾಡಿಸಿದರು.

ಡಿಸೆಂಬರ್ 2, ಭಾನುವಾರ

ಇಂದು ಸಂಜೆಯಿಂದ ಯಹೂದಿಗಳ ದೀಪದ ಹಬ್ಬ ಹನುಕ್ಕಾ. 1993ರಲ್ಲಿ ಇದೇ ತಾರೀಕು ಮೊಂಟಾನಾದ ಬಿಲಿಂಗ್ಸ್‌ನಲ್ಲಿ, ಆ ಹಬ್ಬದ ಮೆನೋರಾ ದೀಪದ ಚಿತ್ರವಿದ್ದ ಯಹೂದಿ ಮಗುವಿನ ಕೋಣೆಯ ಕಿಟಕಿಗೆ ಕಲ್ಲು ಬಿತ್ತು. ‘ಬಿಲಿಂಗ್ಸ್ ಗೆಜೆಟ್’ ಪತ್ರಿಕೆ ಪುಟದ ತುಂಬ ಮೆನೋರಾ ಅಚ್ಚು ಹಾಕಿತು. ಸಾವಿರಾರು ಕ್ರೈಸ್ತರು ಅದನ್ನು ತಮ್ಮ ಕಿಟಕಿಗೆ ಅಂಟಿಸಿದರು. ಅವರಲ್ಲಿ ಕೆಲವರ ಗಾಜುಗಳೂ ಒಡೆದವು. ಆದರೂ ಚಿತ್ರಗಳು ಇಳಿಯಲಿಲ್ಲ, ಹೆಚ್ಚಿದವು.

ಅಜ್ಜಿಯ ಒಪ್ಪಿಗೆ ಕೇಳಿ ನಾನೂ ಚಿತ್ರ ಅಂಟಿಸಿ, ಮನೆ ಮನೆಗೆ ಹೋಗಿ ಬಿಲಿಂಗ್ಸ್‌ನ ಕಥೆ ಹೇಳಿದೆ. ಐದು ಮನೆಯವರು ಒಪ್ಪಿದರು. ಊಟದ ದಿನ ಬಾಯಿ ಬಿಡದವರೂ ಅವರಲ್ಲಿದ್ದಾರೆ. ಪಕ್ಕದ ಮನೆಯಾತ ಒಪ್ಪಲಿಲ್ಲ.

ದ್ವೇಷದ ಮಾತಾಡುವವನು ಒಬ್ಬನೇ ಇರಬಹುದು. ಸುಮ್ಮನಿರುವ ನೆರೆಹೊರೆಯೇ ಅವನ ಬಲ. ಆ ಬಲವನ್ನು ಯಾರೂ ಅವನಿಗೆ ಕೊಡಕೂಡದು.