ಬೈಕ್ ನಿಲ್ಲಿಸಿದ ಮೇಲೆ ಬಂಡೀಪುರ

ಪರೀಕ್ಷೆ ಮುಗಿದ ವಾರವೇ ಎಷ್ಟೋ ಮನೆಗಳಲ್ಲಿ ಈ ಮಾತು ಏಳುತ್ತದೆ. ಶನಿವಾರ, ಭಾನುವಾರ ಎರಡೇ ದಿನ, ಆರು ಮಂದಿ ಗೆಳೆಯರು, ಮೂರು ಬೈಕು, ಹೋಗುವುದು ಬಂಡೀಪುರಕ್ಕೆ. ಅಮ್ಮ ಮೊದಲು ಕೇಳುವುದು ಆನೆಯ ವಿಚಾರ, ಅಪ್ಪ ಕೇಳುವುದು ಲಾರಿಗಳ ವಿಚಾರ. ಇಬ್ಬರ ಅಂಜಿಕೆಯಲ್ಲೂ ಅರ್ಥವಿದೆ. ಹೋಗಬೇಕೆನ್ನುವ ಹುಡುಗರ ಆಸೆಯಲ್ಲೂ ತಪ್ಪಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ನೋಡಿದ ಕಾಡು ಮನಸ್ಸಿನಲ್ಲಿ ಉಳಿಯುವಂತೆ ನಲವತ್ತರಲ್ಲಿ ನೋಡಿದ ಕಾಡು ಉಳಿಯುವುದಿಲ್ಲ. ಆದರೆ ಹೊರಡುವ ಮೊದಲು ಒಂದು ಸಂಗತಿ ಮಕ್ಕಳಿಗೂ ಹೆತ್ತವರಿಗೂ ತಿಳಿದಿರಬೇಕು. ಬೈಕು ಕಾಡಿನ ಬಾಗಿಲವರೆಗೆ ಮಾತ್ರ ಕರೆದೊಯ್ಯುತ್ತದೆ. ಕಾಡು ಕಾಣಸಿಗುವುದು ಅದನ್ನು ನಿಲ್ಲಿಸಿದ ಮೇಲೆ.

ಹಳೆಯ ಮೈಸೂರಿನ ಕಡೆಯ ಅಪ್ಪಂದಿರಿಗೆ ಈ ದಾರಿ ಹೊಸದಲ್ಲ. 1960ರ ದಶಕದಿಂದ 1996ರವರೆಗೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ, ಎಜ್ಡಿ ಬೈಕುಗಳು ಹೊರಬರುತ್ತಿದ್ದವು. ಅವನ್ನೇರಿ ಊಟಿಗೆ ಹೋಗಿಬಂದವರ ಕತೆಗಳಲ್ಲಿ ಬಂಡೀಪುರದ ರಾತ್ರಿ ತಪ್ಪದೆ ಬರುತ್ತದೆ. ದೀಪದ ಬೆಳಕಿಗೆ ಮಿಂಚಿದ ಜಿಂಕೆಗಳ ಕಣ್ಣು, ರಸ್ತೆಗೆ ಅಡ್ಡ ನಿಂತ ಒಂಟಿ ಸಲಗ, ಉಸಿರು ಬಿಗಿಹಿಡಿದು ಕಾದ ಹತ್ತು ನಿಮಿಷ! ಆ ಕತೆಗಳನ್ನು ಕೇಳಬಹುದು, ಅನುಸರಿಸುವಂತಿಲ್ಲ. ಆ ರಾತ್ರಿದಾರಿ ಈಗ ಮುಚ್ಚಿದೆ.

ಬೆಂಗಳೂರಿನಿಂದ ಗುಂಡ್ಲುಪೇಟೆ

ಬೆಂಗಳೂರಿನಿಂದ ಬಂಡೀಪುರ ಸುಮಾರು 220 ಕಿ.ಮೀ., ಮೈಸೂರಿನಿಂದ 80 ಕಿ.ಮೀ. ಬೆಂಗಳೂರು–ಮೈಸೂರು ನಡುವಿನ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಬೈಕ್ ಸವಾರರು ಪಕ್ಕದ ಸರ್ವೀಸ್ ರಸ್ತೆಯಲ್ಲೇ ಸಾಗಬೇಕು. ಇದರಿಂದ ನಷ್ಟವೇನೂ ಇಲ್ಲ. ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ ಸಿಗುವುದು ಕೆಳಗಿನ ದಾರಿಯಲ್ಲೇ. ಕಬ್ಬಿನ ಗದ್ದೆ, ಆಲೆಮನೆ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಹಸಿರು ಹತ್ತಿರದಿಂದ ಕಾಣುವುದೂ ಅಲ್ಲಿಂದಲೇ. ಬೆಳಗಿನ ಜಾವ ಹೊರಟರೆ ತಿಂಡಿ, ಕಾಫಿಗೆ ನಿಂತು ನಿಂತು ಹೋದರೂ ಬಿಸಿಲೇರುವ ಹೊತ್ತಿಗೆ ಮೈಸೂರು ಸಿಗುತ್ತದೆ.

ಮೈಸೂರು ದಾಟಿದರೆ ನಂಜನಗೂಡು. ಕಪಿಲೆಯ ದಡದಲ್ಲಿ ಶ್ರೀಕಂಠೇಶ್ವರನ ಎತ್ತರದ ಗೋಪುರ, ಹೊಳೆಗೆ ಹದಿನೆಂಟನೆಯ ಶತಮಾನದಲ್ಲಿ ಕಟ್ಟಿದ ಹಳೆಯ ಕಲ್ಲು ಸೇತುವೆ. ಅಲ್ಲಿಂದ ಬೇಗೂರು ದಾಟಿ ಗುಂಡ್ಲುಪೇಟೆ ಸಮೀಪಿಸುತ್ತಿದ್ದಂತೆ ನೆಲದ ಬಣ್ಣ ಬದಲಾಗುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಹೋದರೆ ರಸ್ತೆಯ ಎರಡೂ ಬದಿ ಸೂರ್ಯಕಾಂತಿ ಮತ್ತು ಚೆಂಡುಹೂವಿನ ಹೊಲಗಳು. ಕೇರಳದಿಂದ ಕುಟುಂಬಗಳು ಈ ಹೂ ನೋಡಲೆಂದೇ ಬರುತ್ತವೆ. ಫೋಟೋಕ್ಕೆಂದು ಹೊಲಕ್ಕಿಳಿಯುವ ಮುನ್ನ ರೈತನನ್ನು ಒಂದು ಮಾತು ಕೇಳುವುದು ಮರ್ಯಾದೆ. ಅದು ಅವನ ವರ್ಷದ ಬೆಳೆ.

ಗುಂಡ್ಲುಪೇಟೆಯಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಸುಲ್ತಾನ್ ಬತ್ತೇರಿಯ ಮೂಲಕ ಕೋಯಿಕ್ಕೋಡಿಗೆ, ಇನ್ನೊಂದು ಬಂಡೀಪುರ, ಮುದುಮಲೆಯ ಮೂಲಕ ಊಟಿಗೆ. ಎರಡೂ ಹುಲಿ ಸಂರಕ್ಷಿತ ಪ್ರದೇಶವನ್ನು ಸೀಳಿಕೊಂಡೇ ಹೋಗುತ್ತವೆ.

ಒಂಬತ್ತು ಗಂಟೆಯ ಗೇಟು

ಊಟಿ ರಸ್ತೆಯಲ್ಲಿ ಹಂಗಳ ದಾಟಿದ ಮೇಲೆ ಮೇಲುಕಾಮನಹಳ್ಳಿಯ ತನಿಖಾ ಠಾಣೆ. ರಾತ್ರಿ 9ಕ್ಕೆ ಮುಚ್ಚುವ ಈ ಗೇಟು ತೆರೆಯುವುದು ಬೆಳಿಗ್ಗೆ 6ಕ್ಕೆ. ತುರ್ತು ವಾಹನಗಳು ಮತ್ತು ಅನುಮತಿ ಪಡೆದ ಕೆಲವೇ ಬಸ್ಸುಗಳನ್ನು ಬಿಟ್ಟರೆ ಉಳಿದವರಿಗೆ ದಾರಿಯಿಲ್ಲ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ರಾತ್ರಿ ಸಂಚಾರವನ್ನು ನಿಷೇಧಿಸಿತು. 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಕಾರಣ ಸರಳ. ಹಗಲು ಪೊದೆಯ ನೆರಳಿನಲ್ಲಿರುವ ಪ್ರಾಣಿಗಳು ರಾತ್ರಿ ನೀರಿಗೆ, ಮೇವಿಗೆ ಓಡಾಡುತ್ತವೆ. ಜಿಂಕೆಗಳು ಬಯಲಾದ ರಸ್ತೆಬದಿಗೆ ಬರುತ್ತವೆ. ಎದುರಿಗೆ ವಾಹನದ ಬೆಳಕು ಬಿದ್ದರೆ ಓಡುವುದಿಲ್ಲ, ಕಣ್ಣು ಕುಕ್ಕಿ ಇದ್ದಲ್ಲೇ ನಿಂತುಬಿಡುತ್ತವೆ. ನಿಷೇಧಕ್ಕೆ ಮೊದಲು ಬೆಳಿಗ್ಗೆ ಗಸ್ತು ಹೊರಟ ಸಿಬ್ಬಂದಿಗೆ ರಸ್ತೆಯ ಮೇಲೆ ಹೆಣಗಳು ಸಿಗುತ್ತಿದ್ದವು. ಈ ನಿಷೇಧವನ್ನು ಎಲ್ಲರೂ ಒಪ್ಪಿಲ್ಲ ಎನ್ನುವುದೂ ನಿಜ. ವ್ಯಾಪಾರಕ್ಕೂ ಓಡಾಟಕ್ಕೂ ಈ ದಾರಿಯನ್ನೇ ನಂಬಿದ ವಯನಾಡಿನ ಜನ ನಿಷೇಧ ತೆಗೆಯಬೇಕೆಂದು ಹೋರಾಡುತ್ತ ಬಂದಿದ್ದಾರೆ. ಅವರಿಗಾಗಿ ಹುಣಸೂರು, ಗೋಣಿಕೊಪ್ಪ, ಕುಟ್ಟದ ಬದಲಿ ರಸ್ತೆಯನ್ನು ಕರ್ನಾಟಕ ಸರಿಪಡಿಸಿತು. ಅದು ಸುತ್ತು ದಾರಿ.

ಬೈಕ್ ಹುಡುಗರಿಗೆ ಈ ಗೇಟು ಒಂದು ಪರೀಕ್ಷೆಯೇ ಸರಿ. ದಾರಿಯಲ್ಲಿ ಟೈರ್ ಪಂಕ್ಚರ್ ಆಯಿತು, ಊಟ ತಡವಾಯಿತು, ಗುಂಡ್ಲುಪೇಟೆ ಮುಟ್ಟಿದಾಗ ಎಂಟೂ ಮುಕ್ಕಾಲು ಎಂದುಕೊಳ್ಳಿ. ಕಾಯ್ದಿರಿಸಿದ ಕೋಣೆ ಗೇಟಿನ ಆಚೆಗಿದೆ, ಹಣ ಕಟ್ಟಿ ಆಗಿದೆ. ಉಳಿದಿರುವುದು ಹದಿನೈದು ನಿಮಿಷ. ‘ಒಂದೇ ಉಸಿರಿಗೆ ಹೊಡೆದರೆ ಸಿಗುತ್ತೆ ಕಣೋ’ ಎನ್ನುವವನೊಬ್ಬ ಪ್ರತಿ ಗುಂಪಿನಲ್ಲೂ ಇರುತ್ತಾನೆ. ಕತ್ತಲಲ್ಲಿ ಎತ್ತಿನಗಾಡಿ, ದೀಪವಿಲ್ಲದ ಟ್ರ್ಯಾಕ್ಟರ್, ಹಟ್ಟಿಗೆ ಮರಳುವ ದನ, ಏನೂ ಅಡ್ಡ ಬರಬಹುದಾದ ರಸ್ತೆ ಅದು. ಆಗ ‘ಬೇಡ, ಇವತ್ತು ಗುಂಡ್ಲುಪೇಟೆಯಲ್ಲೇ ಉಳಿಯೋಣ’ ಎನ್ನುವ ಇನ್ನೊಬ್ಬನೂ ಗುಂಪಿನಲ್ಲಿ ಇರಬೇಕು, ಮಿಕ್ಕವರು ಅವನ ಮಾತು ಕೇಳಬೇಕು. ಮಗನನ್ನು ಕಳಿಸುವ ಮುನ್ನ ಹೆತ್ತವರು ವಿಚಾರಿಸಬೇಕಾದ್ದು ಬೈಕಿನ ಸಿಸಿಯನ್ನಲ್ಲ, ಅಂಥ ಗೆಳೆಯನೊಬ್ಬ ಜೊತೆಗಿದ್ದಾನೆಯೇ ಎಂಬುದನ್ನು. ಒಂದು ರಾತ್ರಿಯ ಕೋಣೆಯ ಬಾಡಿಗೆ ಹೋದರೆ ಹೋಯಿತು.

ಕಾಡಿನ ರಸ್ತೆ

ಠಾಣೆ ದಾಟಿದ ಮೇಲೆ ತಮಿಳುನಾಡಿನ ಗಡಿಯ ಕೆಕ್ಕನಹಳ್ಳದವರೆಗೆ ಹನ್ನೆರಡು ಹದಿಮೂರು ಕಿ.ಮೀ. ಕಾಡಿನ ಹಾದಿ. ದೂರ ಹೆಚ್ಚಿಲ್ಲ, ಆದರೆ ಹೆಜ್ಜೆಗೊಂದು ರಸ್ತೆಯುಬ್ಬು. ಇಲ್ಲಿ ಸಾವಕಾಶವಾಗಿ ಹೋಗಬೇಕು, ಹಾರನ್ ಮಾಡಬಾರದು, ಎಲ್ಲೂ ಇಳಿಯಬಾರದು. ಕಾರಿನಲ್ಲಿರುವವರಿಗೆ ಸುತ್ತ ತಗಡಿನ ಗೋಡೆಯಾದರೂ ಇದೆ. ಬೈಕಿನವನಿಗೆ ಅದೂ ಇಲ್ಲ. ಮುಂದೆ ಆನೆ ಕಂಡರೆ ಬಹಳ ದೂರದಲ್ಲೇ ನಿಲ್ಲಬೇಕು. ಅದು ದಾಟಿತೆಂದು ತಕ್ಷಣ ಮುಂದೆ ನುಗ್ಗುವುದೂ ತಪ್ಪು, ಹಿಂದೆ ಮರಿ ಬರುತ್ತಿರಬಹುದು. ಅದು ಕಿವಿ ನಿಮಿರಿಸಿ ಇತ್ತ ತಿರುಗಿತೋ, ಗಾಡಿ ತಿರುಗಿಸಿ ಹಿಂದಕ್ಕೆ ಹೋಗುವುದೇ ಜಾಣತನ.

2025ರ ಆಗಸ್ಟಿನಲ್ಲಿ ಇದೇ ಬಂಡೀಪುರದ ರಸ್ತೆಯಲ್ಲಿ ಆನೆಯೊಂದಿಗೆ ಸೆಲ್ಫಿ ತೆಗೆಯಲು ಹೋದ ಒಬ್ಬನನ್ನು ಅದು ಅಟ್ಟಿಸಿಕೊಂಡು ಬಂದು ಕೆಡವಿತು. ಅವನು ಬದುಕಿದ್ದು ಅದೃಷ್ಟ. ಅರಣ್ಯ ಇಲಾಖೆ ಅವನಿಗೆ 25 ಸಾವಿರ ರೂಪಾಯಿ ದಂಡ ಹಾಕಿತು. ಹೀಗೆ ಕೆರಳಿದ ಆನೆಯ ಸಿಟ್ಟು ಮುಂದೆ ಏನೂ ಅರಿಯದ ಇನ್ನೊಬ್ಬ ಸವಾರನ ಮೇಲೂ ತಿರುಗಬಹುದು. ಕೋತಿಗೆ ಬಾಳೆಹಣ್ಣು ಎಸೆಯುವುದೂ ಇದೇ ಬಗೆಯ ಕೇಡು. ತಿಂಡಿಯ ಆಸೆಗೆ ರಸ್ತೆಗಿಳಿದ ಕೋತಿ ಗಾಲಿಗೆ ಸಿಗುತ್ತದೆ.

ಎಂಜಿನ್ ನಿಂತ ಮೇಲೆ

ಈ ಕಾಡಿಗೆ ರಕ್ಷಣೆ ಸಿಕ್ಕ ಕತೆ ಮೈಸೂರು ಅರಸರ ಕಾಲದ್ದು. 1931ರಲ್ಲಿ ಮಹಾರಾಜರು ಇಲ್ಲಿ 90 ಚದರ ಕಿ.ಮೀ. ಪ್ರದೇಶವನ್ನು ಅಭಯಾರಣ್ಯವೆಂದು ಘೋಷಿಸಿದರು. 1941ರಲ್ಲಿ ಅದು ಸುಮಾರು 800 ಚದರ ಕಿ.ಮೀ.ಗೆ ಹಿಗ್ಗಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. ಪಕ್ಕದ ಬೆಟ್ಟದ ಮೇಲಿನ ದೇವರ ಹೆಸರು ಅದು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಆಗ ಇಲ್ಲಿದ್ದ ಹುಲಿಗಳು ಹನ್ನೆರಡರಷ್ಟು ಎನ್ನುತ್ತಾರೆ. 2022ರ ಗಣತಿಯಲ್ಲಿ ಸಿಕ್ಕ ಸಂಖ್ಯೆ 150. ನಾಗರಹೊಳೆ, ಮುದುಮಲೆ, ವಯನಾಡು ಕಾಡುಗಳೂ ಬಂಡೀಪುರಕ್ಕೆ ತಗುಲಿಕೊಂಡೇ ಇವೆ. ಆನೆಗಳಿಗೆ ಇದೆಲ್ಲ ಒಂದೇ ಮನೆ. ರಾಜ್ಯಗಳ ಗಡಿ ಅವಕ್ಕೆ ಗೊತ್ತಿಲ್ಲ.

ಕಾಡಿನ ಒಳದಾರಿಗಳಿಗೆ ಬೈಕು ಬಿಡುವುದಿಲ್ಲ. ಅರಣ್ಯ ಇಲಾಖೆಯ ಬಸ್ಸಿನಲ್ಲೋ ಜೀಪಿನಲ್ಲೋ ಕೂರಬೇಕು. ಹುಲಿಯನ್ನೇ ಕಾಣಬೇಕೆಂದು ಹಟ ಹಿಡಿದು ಹೋದವರು ಬಹಳ ಸಲ ಮುಖ ಸಪ್ಪೆ ಮಾಡಿಕೊಂಡು ಮರಳುತ್ತಾರೆ. ತೇಗ, ಮತ್ತಿ, ದಿಂಡಿಗ, ಬಿದಿರುಗಳ ಈ ಒಣ ಎಲೆಯುದುರುವ ಕಾಡಿನಲ್ಲಿ ನೋಡಲು ಬೇರೆ ಬೇಕಾದಷ್ಟಿದೆ. ಹಿಂಡು ಹಿಂಡು ಜಿಂಕೆ, ಬಿಳಿ ಕಾಲ್ಚೀಲ ತೊಟ್ಟಂಥ ಕಾಟಿ, ಕೊಂಬೆಯಿಂದ ಕೊಂಬೆಗೆ ಹಾರುವ ಕೆಂದಳಿಲು, ಕೆರೆಯಂಚಿನ ನವಿಲು. ಎಲ್ಲೆಲ್ಲೂ ಹಬ್ಬಿರುವ ಲಂಟಾನದ ಪೊದೆಯನ್ನೂ ಗಮನಿಸಬೇಕು. ಹೊರದೇಶದಿಂದ ಬಂದ ಈ ಗಿಡ ಹುಲ್ಲು ಬೆಳೆಯುವ ಜಾಗವನ್ನೆಲ್ಲ ನುಂಗಿ ಜಿಂಕೆ, ಆನೆಗಳ ಮೇವು ಕಸಿಯುತ್ತಿದೆ.

ಒಮ್ಮೊಮ್ಮೆ ಚಾಲಕ ಇದ್ದಕ್ಕಿದ್ದಂತೆ ಎಂಜಿನ್ ಆರಿಸುತ್ತಾನೆ. ಬೆಳಗಿನಿಂದ ಕಿವಿಯಲ್ಲಿ ತುಂಬಿಕೊಂಡಿದ್ದ ಸದ್ದು ಅಡಗುತ್ತದೆ. ಮರದ ತುದಿಯಿಂದ ಮುಸುವ ಗದರುತ್ತದೆ, ಪೊದೆಯ ಆಚೆ ಜಿಂಕೆ ಚೀರುತ್ತದೆ, ತುಸು ಹೊತ್ತಿಗೆ ಕಡವೆಯ ದಪ್ಪ ಕೂಗು. ಹುಲಿಯೋ ಚಿರತೆಯೋ ಆ ದಿಕ್ಕಿನಲ್ಲಿ ನಡೆದಿದೆ ಎಂಬ ಸುದ್ದಿ ಅದು. ಪ್ರಾಣಿ ಕಾಣದೆಹೋದರೂ ಸುದ್ದಿ ಕೇಳಿಸಿತಲ್ಲ! ಕಾಡನ್ನು ಓದುವ ಮೊದಲ ಪಾಠ ಇದೇ. ಎ.ಜೆ.ಟಿ. ಜಾನ್‌ಸಿಂಗ್ ಎಂಬ ವಿಜ್ಞಾನಿ 1976ರಿಂದ 1978ರವರೆಗೆ ಇದೇ ಬಂಡೀಪುರದಲ್ಲಿ ಸೀಳುನಾಯಿಗಳ ಬದುಕನ್ನು ಅಧ್ಯಯನ ಮಾಡಿದರು. ಮುಂದೆ ಮೈಸೂರಿನ ಕೃಪಾಕರ ಮತ್ತು ಸೇನಾನಿ ವರ್ಷಗಟ್ಟಲೆ ಅದೇ ಪ್ರಾಣಿಯ ಬೆನ್ನು ಹತ್ತಿ ಚಿತ್ರ ತೆಗೆದರು. ‘ಕ್ರೂರ ಪ್ರಾಣಿ’ ಎಂದು ಹಿಂದೆ ಜನ ಕಂಡಲ್ಲಿ ಕೊಲ್ಲುತ್ತಿದ್ದ ಸೀಳುನಾಯಿ ಕುಟುಂಬ ಕಟ್ಟಿಕೊಂಡು, ಮರಿಗಳನ್ನು ಒಟ್ಟಾಗಿ ಸಾಕುವ ಜೀವಿ ಎಂದು ಲೋಕಕ್ಕೆ ತಿಳಿದದ್ದು ಇಂಥವರ ತಾಳ್ಮೆಯಿಂದ. ಜೀವಶಾಸ್ತ್ರ ಓದುವ ವಿದ್ಯಾರ್ಥಿಗಳು ಇದನ್ನು ಮರೆಯಬಾರದು.

ಬೆಟ್ಟ ಮತ್ತು ಹಳ್ಳಿ

ಭಾನುವಾರ ಮರಳುವಾಗ ಹಂಗಳದಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗಬಹುದು. ಎತ್ತರ 1,454 ಮೀಟರ್. ಬೈಕುಗಳನ್ನು ತಪ್ಪಲಲ್ಲೇ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸು ಹತ್ತಬೇಕು. ಮೇಲೆ ಕೊಳಲೂದುವ ಗೋಪಾಲಸ್ವಾಮಿ, ತಂಪು ಗಾಳಿ, ಕಣ್ಣು ಹಾಯುವವರೆಗೆ ಹುಲ್ಲುಗುಡ್ಡ. ಮಂಜು ಸರಿದಾಗ ಕೆಳಗೆ ಬಂಡೀಪುರದ ಕಾಡು ಪೂರ್ತಿ ತೆರೆದುಕೊಳ್ಳುತ್ತದೆ. 2019ರ ಫೆಬ್ರವರಿಯಲ್ಲಿ ಈ ಸೀಮೆಯಲ್ಲಿ ಬೆಂಕಿ ಬಿದ್ದು ಸಾವಿರಾರು ಎಕರೆ ಕಾಡು ಸುಟ್ಟಿತು. ಬೇಸಿಗೆಯಲ್ಲಿ ಎಸೆದ ಒಂದು ಬೀಡಿ ತುಂಡು ಏನು ಮಾಡಬಲ್ಲುದೆಂದು ಈ ಬೆಟ್ಟದ ಮೇಲೆ ನಿಂತರೆ ಅರ್ಥವಾಗುತ್ತದೆ.

ಬೆಟ್ಟದ ದಾರಿಯ ಹೊಲಗಳಲ್ಲಿ ಅಟ್ಟಣೆಗಳು ಕಾಣುತ್ತವೆ. ಹಗಲೆಲ್ಲ ದುಡಿದ ರೈತ ಆನೆ, ಹಂದಿ ಬಾರದಂತೆ ರಾತ್ರಿ ಅಲ್ಲಿ ಕಾಯುತ್ತಾನೆ. ಕಂದಕ, ಸೋಲಾರ್ ಬೇಲಿ, ರೈಲು ಕಂಬಿಯ ಬೇಲಿ ಎಲ್ಲ ಬಂದರೂ ಅವನಿಗೆ ನಿದ್ದೆ ಬಂದಿಲ್ಲ. 2025ರಲ್ಲಿ ಕಾಡಂಚಿನಲ್ಲಿ ಹುಲಿ ದಾಳಿಗೆ ಜನ ಬಲಿಯಾದಾಗ ಹಳ್ಳಿಗರ ಆಕ್ರೋಶ ಸಿಡಿಯಿತು. ಆ ನವೆಂಬರಿನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಿ ಅದರ ಸಿಬ್ಬಂದಿಯನ್ನು ಹುಲಿ ಹುಡುಕಲು ಕಳಿಸಿತು. ಪೇಟೆಯವರಿಗೆ ಎರಡು ದಿನದ ವಿಹಾರವಾದ ಕಾಡು ಇಲ್ಲಿನವರಿಗೆ ದಿನನಿತ್ಯದ ನೆರೆಹೊರೆ. ಅವರ ಊರುಗಳಲ್ಲಿ ಸೈಲೆನ್ಸರ್ ಕಿತ್ತ ಬೈಕು ಮೆರೆಸಿ ಹೋಗುವುದು ಹುಡುಗಾಟವಲ್ಲ, ಉದ್ಧಟತನ.

ಹೊರಡುವವರಿಗೆ

ಲೈಸೆನ್ಸ್, ವಿಮೆ, ಎಮಿಷನ್ ಪತ್ರ ಜೊತೆಗಿರಲಿ. ಗೇರ್ ಬೈಕಿಗೆ 18 ತುಂಬಿರಬೇಕು. ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ಹೆತ್ತವರಿಗೆ ಅಥವಾ ಗಾಡಿಯ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹಿಂದೆ ಕೂತವರಿಗೂ ಐಎಸ್ಐ ಗುರುತಿನ ಹೆಲ್ಮೆಟ್ ಬೇಕು. ಅನುಭವಿಯೊಬ್ಬ ಮುಂದೆ, ಇನ್ನೊಬ್ಬ ಕೊನೆಯಲ್ಲಿ ಇರಲಿ. ನಿಧಾನದ ಸವಾರನ ವೇಗವೇ ಎಲ್ಲರ ವೇಗ. ಗಂಟೆಗೊಮ್ಮೆ ಇಳಿದು ನೀರು ಕುಡಿಯಿರಿ. ಪೆಟ್ರೋಲ್ ಗುಂಡ್ಲುಪೇಟೆಯಲ್ಲೇ ತುಂಬಿಸಿಕೊಳ್ಳಿ. ಉಳಿಯಲು ಅರಣ್ಯ ಇಲಾಖೆಯ ವಸತಿಗೃಹಗಳು, ಜಂಗಲ್ ಲಾಡ್ಜಸ್, ಪ್ರವಾಸೋದ್ಯಮ ನಿಗಮದ ಮಯೂರ ಪ್ರಕೃತಿ ಇವೆ. ಕೋಣೆ ಮುಂಚೆಯೇ ಕಾಯ್ದಿರಿಸಿ, ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಿಯೇ ಹೊರಡಿ.

ಪ್ರವಾಸದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಭಾನುವಾರ ಸಂಜೆ. ಮೈ ದಣಿದಿರುತ್ತದೆ, ಮರುದಿನ ಕಾಲೇಜು, ಎದುರಿಗೆ ವಾಹನಗಳ ಸಾಲು. ಮಧ್ಯಾಹ್ನದೊಳಗೆ ಗುಂಡ್ಲುಪೇಟೆ ಬಿಟ್ಟರೆ ಕತ್ತಲಾಗುವ ಮುನ್ನ ಬಹುದೂರ ಸಾಗಬಹುದು. ಹೊತ್ತು ಮೀರಿದರೆ ಮೈಸೂರಿನಲ್ಲಿ ಉಳಿದು, ಮನೆಗೆ ಫೋನ್ ಮಾಡಿ, ಸೋಮವಾರ ಬೆಳಿಗ್ಗೆ ಹೊರಡಿ. ಒಂದು ದಿನದ ಹಾಜರಿ ಹೋದೀತು, ಅಷ್ಟೆ.