ಬಾಯ್ತುಂಬ ಬೈಗುಳ

ಸಾರಥಿ ಎಂಬ ಊರಿನ ನಮ್ಮ ದೊಡ್ಡವ್ವ ಯಾರನ್ನೂ ಹೆಸರು ಹಿಡಿದು ಕರೆದವಳಲ್ಲ. ನಾನು 'ಮೂಳ', ತಮ್ಮ 'ಮಂಗ್ಯಾ', ಹಾಲಿಗೆ ಬಾಯಿಡುವ ಬೆಕ್ಕು 'ಭಾಡ್ಯಾ'. ಹರಿಹರದಿಂದ ಬಸ್ಸು ಹಿಡಿದು ಬಂದು ಅಂಗಳಕ್ಕೆ ಕಾಲಿಟ್ಟರೆ, "ಈಗ ನೆಪ್ಪಾತೇನಲೇ ಮೂಳ, ನಿನ್ ಮಕಕ್ಕಿಷ್ಟು ಮಣ್ಣಾಕ" ಎನ್ನುತ್ತಲೇ ಮಂಡಕ್ಕಿ ಒಗ್ಗರಣೆಗೆ ಬಾಣಲೆ ಇಡುತ್ತಿದ್ದಳು.

1998ರಲ್ಲಿ ದೂರದರ್ಶನದಲ್ಲಿ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ಬರುತ್ತಿತ್ತು. ಅದರ ಜನ ಮನೆಮಂದಿಯ ಹಾಗೆಯೇ ಮಾತಾಡಿ, ಮನೆಮಂದಿಯ ಹಾಗೆಯೇ ಮುನಿಯುತ್ತಿದ್ದರು. ದೊಡ್ಡವ್ವ ನೆಮ್ಮದಿಯಾಗಿ ತೂಕಡಿಸುತ್ತಿದ್ದಳು. ಅವಳ ನಿದ್ದೆ ಕೆಟ್ಟದ್ದು 2012ರ ಕೊನೆಗೆ, 'ಪುಟ್ಟಗೌರಿ ಮದುವೆ' ಶುರುವಾದ ಮೇಲೆ. ಹಿಂದಿಯ 'ಬಾಲಿಕಾ ವಧು' ಕನ್ನಡದ ಸೀರೆಯುಟ್ಟು ನಮ್ಮ ಪಡಸಾಲೆಗೆ ಬಂದಿತ್ತು. ಅದರ ಅಜ್ಜಮ್ಮನಿಗೂ ನಮ್ಮ ದೊಡ್ಡವ್ವನಿಗೂ ಮೊದಲ ವಾರದಲ್ಲೇ ಹಗೆ.

ಧಾರಾವಾಹಿಯ ಅತ್ತೆಯರು ಬೈಯುವುದೇ ಇಲ್ಲ, ಗಮನಿಸಿದ್ದೀರಾ? ತೊಳೆದಿಟ್ಟಂಥ ಬೆಂಗಳೂರು ಕನ್ನಡದಲ್ಲಿ "ನಿನ್ನ ಯೋಗ್ಯತೆ ಏನೂಂತ ಗೊತ್ತಾ?" ಎನ್ನುತ್ತಾರೆ. ಕ್ಯಾಮೆರಾ ಮೂರು ಸಲ ಸೊಸೆಯ ಮುಖಕ್ಕೆ ಹಾರುತ್ತದೆ, ಮೋಡವಿಲ್ಲದೆ ಗುಡುಗು. ವಾರಗಿತ್ತಿ ಇನ್ನೂ ನಾಜೂಕು: "ನಿಮ್ ತವರಲ್ಲಿ ಇದನ್ನೆಲ್ಲ ಹೇಳಿಕೊಟ್ಟಿರಲ್ಲ ಬಿಡಿ, ಪಾಪ." ಹುಡುಕಿದರೂ ಒಂದು ಕೆಟ್ಟ ಮಾತು ಸಿಗದು. ಆ 'ಬಿಡಿ'ಯಲ್ಲೇ, ಆ 'ಪಾಪ'ದಲ್ಲೇ ಮುಳ್ಳು.

ದೊಡ್ಡವ್ವನಿಗೆ ತಡೆಯುತ್ತಿರಲಿಲ್ಲ. "ಬೈಯಂಗಿದ್ರೆ ಬಾಯ್ತುಂಬ ಬೈಯೇ ಮೂದೇವಿ, ಕೂಸಿನ ಹೊಟ್ಟಿಗ್ಯಾಕ ಕೊಳ್ಳಿ ಇಡ್ತಿ?" ಎಂದು ಟೀವಿಗೇ ಗದರುತ್ತಿದ್ದಳು.

"ಅತ್ತಿ, ಅಕಿಗೆ ಕೇಳಲ್ಲ," ಒಳಗಿನಿಂದ ಸೊಸೆಯ ದನಿ.

"ನಿನಗಾದ್ರೂ ಕೇಳ್ತಲ್ಲ, ಬಾರೇ ಮೂಳಿ, ಉಂಡು ಸಾಯಿ."

ಸೊಸೆ ನಗುತ್ತ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ದೊಡ್ಡವ್ವ ಕಣ್ಣು ಟೀವಿಯಲ್ಲಿಟ್ಟೇ ತನ್ನ ರೊಟ್ಟಿಯ ಮೇಲಿನ ಬೆಣ್ಣೆಯನ್ನು ಬೆರಳಲ್ಲಿ ಬಳಿದು ಅವಳ ತಟ್ಟೆಯ ಅಂಚಿಗೆ ಒರೆಸುತ್ತಿದ್ದಳು. ಸೊಸೆಗೆ ಎಂದೂ ನೋವಾಗಿರಲಿಲ್ಲವೆಂದು ನಾನು ಆಣೆ ಮಾಡಲಾರೆ. ನಾನು ಹಬ್ಬಕ್ಕೆ ಬಂದುಹೋಗುವ ನೆಂಟ. ನೆಂಟರ ಕಣ್ಣಿಗೆ ಬೆಣ್ಣೆಯಷ್ಟೇ ಕಾಣುತ್ತದೆ.

ಕಳೆದ ಮಳೆಗಾಲದಲ್ಲಿ ಹೋದಾಗ ತುಂಗಭದ್ರೆ ಉಕ್ಕಿ ಚಿಕ್ಕಬಿದರಿಯ ದಾರಿ ಮುಳುಗಿತ್ತು. ದೊಡ್ಡವ್ವನಿಗೆ ನೆನಪು ಜಾರುತ್ತಿದೆಯೆಂದು ಫೋನಿನಲ್ಲಿ ಮೊದಲೇ ಹೇಳಿದ್ದರು. ಪಡಸಾಲೆಯ ಟೀವಿಯಲ್ಲಿ ಯಾವಳೋ ಅತ್ತೆ ಯಾವಳೋ ಸೊಸೆಯ ಯೋಗ್ಯತೆ ಕೇಳುತ್ತಿದ್ದಳು. ದೊಡ್ಡವ್ವ ಸುಮ್ಮನೆ ನೋಡುತ್ತಿದ್ದಳು. ನನ್ನನ್ನು ಕಂಡವಳೇ ಸೆರಗು ಸರಿಮಾಡಿಕೊಂಡಳು.

"ಬರ್ರಿ, ಕುಂದರ್ರಿ. ಯಾವೂರು ನಿಮ್ದು?"

"ಇದೇ ಊರು ದೊಡ್ಡವ್ವ," ಎಂದೆ.

"ಹೌದೇನ್ರಿ?" ಎಂದಳು, ಬಲು ಮರ್ಯಾದೆಯಿಂದ.